ಬೂದಿಯ ಜಾಗ

ಎಳ್ಳ ಅಮಾಸಿಯ ಹಿಂದಿನ ರಾತ್ರಿ ಕಲಬುರಗಿಯಿಂದ ಊರಿಗೆ ಹೋದೆ. ನಮ್ಮದು ಅಫಜಲಪುರ ತಾಲ್ಲೂಕಿನ ಕರಜಗಿ. ನಾನು ಓಣಿಗೆ ತಿರುಗಿದರೆ ಸಾಕು, ಹೆಜ್ಜೆಯ ಸಪ್ಪಳ ಗುರುತು ಹಿಡಿದು ಕುಂಯ್‌ಗುಡುತ್ತಿದ್ದ ಕಾಳ್ಯಾ ಈ ಸಲ ಬಾಲವನ್ನಷ್ಟೇ ಆಡಿಸಿದ. ಬೆಳಗ್ಗೆ ನೋಡಿದರೆ ಗೇಟಿನ ಕಂಬಕ್ಕೆ ಕಟ್ಟಿದ ಸರಪಳಿಯ ತುದಿಯಲ್ಲಿ, ಶಹಾಬಾದ ಫರಸಿಯ ಮೇಲೆ, ಮೂಗನ್ನು ಬಾಲದೊಳಗೆ ತುರುಕಿ ಮುದುಡಿ ಬಿದ್ದಿದ್ದ. ಬೆನ್ನ ಮೇಲೆ ಕೈಯಿಟ್ಟೆ. ಇಡೀ ಮೈ ಸಣ್ಣಗೆ ನಡುಗುತ್ತಿತ್ತು. ಅವನಿಗೀಗ 11 ವರ್ಷ.

"ನಾಯಿಗಿ ಎಲ್ಲಿ ಥಂಡಿ? ದೇವರು ಮೈತುಂಬ ಕೂದಲಾ ಕೊಟ್ಟಾನ" ಅಂದ ಅಪ್ಪ.

ಅಪ್ಪ ಕ್ರೂರಿಯಲ್ಲ. ನಮ್ಮ ಸೀಮೆಯವರಿಗೆ ಬಿಸಿಲೆಂದರೆ ಗೊತ್ತು, ಥಂಡಿಯನ್ನು ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ. ಆದರೆ ಡಿಸೆಂಬರ್-ಜನವರಿಯ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಇಲ್ಲಿ ಹೊಸದೇನಲ್ಲ. ಇನ್ನು ಕೂದಲಿನ ಮಾತು. ಹಿಮಾಲಯದ ಕುರಿನಾಯಿಗೆ ಇರುವ ಉಣ್ಣೆ ನಮ್ಮ ಬಯಲುಸೀಮೆಯ ನಾಯಿಗಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ನೋಡಿ: ತೆಳ್ಳನೆ ಚರ್ಮ, ಗಿಡ್ಡ ಕೂದಲು, ಕೊಬ್ಬಿಲ್ಲದ ಮೈ. ಓಡುವುದಕ್ಕೆ ಹೇಳಿ ಮಾಡಿಸಿದ ದೇಹ ಅದು, ಕಲ್ಲಿನ ಮೇಲೆ ರಾತ್ರಿ ಕಳೆಯುವುದಕ್ಕಲ್ಲ. ಕಾಳ್ಯಾ ಜಾತಿನಾಯಿಯಲ್ಲ, ಆದರೆ ಕೂದಲಿನ ಲೆಕ್ಕದಲ್ಲಿ ಅದೇ ಪೈಕಿ. ಬೇಸಿಗೆಯಲ್ಲಿ ನಾವು ಹೊಗಳುವ ಫರಸಿಯ ತಂಪು ಚಳಿಗಾಲದಲ್ಲಿ ಮಲಗಿದವರ ಮೈಶಾಖವನ್ನು ಹೀರಿಕೊಳ್ಳುತ್ತದೆ.

ಮುತ್ಯಾ ಕಟ್ಟಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದ. "ಅವನ ಬೂದಿ ನಾವೇ ಕಸಗೊಂಡೀವಿ, ತಮ್ಮಾ" ಅಂದ.

ನನಗೆ ಆಗ ನೆನಪಾಯಿತು. ಹಿತ್ತಲಲ್ಲಿ ನೀರೊಲಿ ಇದ್ದ ಕಾಲಕ್ಕೆ, ರಾತ್ರಿ ಒಲಿ ಆರಿದ ಮೇಲೆ ಕಾಳ್ಯಾ ಬೂದಿಯಲ್ಲಿ ಗುಂಡಿ ತೋಡಿಕೊಂಡು ಮಲಗುತ್ತಿದ್ದ. ಬೆಳಗ್ಗೆ ಕರಿಯ ನಾಯಿ ಬೂದು ಬಣ್ಣದ್ದಾಗಿ ಎದ್ದು ಬರುತ್ತಿತ್ತು. ಸೋಲಾರ್ ಬಂತು, ನೀರೊಲಿ ಹೋಯಿತು. ಬಣವಿ ಹೊಲಕ್ಕೆ ಹೋಯಿತು. ಮಣ್ಣಿನ ಅಂಗಳಕ್ಕೆ ಫರಸಿ ಬಂತು. ಒಂದೊಂದೂ ಒಳ್ಳೆಯದಕ್ಕೇ ಆಯಿತು. ಹೊಗೆಯಲ್ಲಿ ಅವ್ವನ ಕಣ್ಣು ಹಾಳಾಗುವುದು ತಪ್ಪಿತಲ್ಲ, ಅದನ್ನು ನಾನು ಬೇಡ ಅನ್ನಲೇ? ಯಾರೂ ನಾಯಿಯನ್ನು ಥಂಡಿಗೆ ಹಾಕಬೇಕೆಂದು ನಿರ್ಧರಿಸಲಿಲ್ಲ. ಹಾಗೆ ನಿರ್ಧರಿಸದೇ ಆದ ಅನ್ಯಾಯಕ್ಕೆ ಯಾರು ಹೊಣೆ ಎಂಬುದು ನನ್ನನ್ನು ಕಾಡತೊಡಗಿತು.

ಕಾಂಟ್ ತನ್ನ ನೀತಿಶಾಸ್ತ್ರದ ಉಪನ್ಯಾಸಗಳಲ್ಲಿ ಇಂಥದೇ ನಾಯಿಯ ಮಾತೆತ್ತುತ್ತಾನೆ. ನಿಷ್ಠೆಯಿಂದ ದುಡಿದು ಮುದಿಯಾದ ನಾಯಿಯನ್ನು ಯಜಮಾನ ಸಾಯುವವರೆಗೂ ಸಾಕಬೇಕು ಅನ್ನುತ್ತಾನೆ. ಆದರೆ ಕಾರಣ ಕೇಳಿದರೆ ನಾಯಿಗಾಗಿ ಅಲ್ಲ. ಪ್ರಾಣಿಯ ಬಗ್ಗೆ ಕಲ್ಲಾದವನು ಮನುಷ್ಯರ ಬಗ್ಗೆಯೂ ಕಲ್ಲಾಗುತ್ತಾನೆ, ಅದಕ್ಕೆ. ಓದುವಾಗ ಒಪ್ಪಿದ್ದೆ. ಆ ಬೆಳಗ್ಗೆ ಕೈಯ ಕೆಳಗೆ ನಡುಗುತ್ತಿದ್ದ ಬೆನ್ನು ನನ್ನ ಗುಣ ತಿದ್ದುವ ಪಾಠದಂತೆ ಕಾಣಲಿಲ್ಲ. ನಾನು ಎಷ್ಟೇ ಒಳ್ಳೆಯವನಾದರೂ, ಕೆಟ್ಟವನಾದರೂ ಅವನಿಗೆ ಥಂಡಿ ಅಷ್ಟೇ ಇತ್ತು. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಈ ವಿಷಯದಲ್ಲಿ ಕಾಂಟನಿಗಿಂತ ನೇರ: ಸಾಕಿದವರು ಅನ್ನ, ನೀರು, ಆಸರೆ ಕೊಡದಿದ್ದರೆ ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿದ್ದರೆ ಅದೂ ಅಪರಾಧವೇ.

ಕಟ್ಟಿಹಾಕುವುದೇ ಇಲ್ಲಿ ಮುಖ್ಯ ಅನ್ನಿಸುತ್ತದೆ. ಓಣಿಯ ನಾಯಿ ಥಂಡಿಯಾದರೆ ಎದ್ದು ಹೋಗುತ್ತದೆ, ಬಣವಿಯ ಬುಡವನ್ನೋ ಆಗತಾನೆ ನಿಂತ ಗಾಡಿಯ ಕೆಳಗನ್ನೋ ಹುಡುಕುತ್ತದೆ. ಕಾಳ್ಯಾನ ಜಗತ್ತು ಸರಪಳಿಯಷ್ಟು ಉದ್ದ. ಅವನ ಆಯ್ಕೆಯನ್ನು ನಾವು ಎಷ್ಟು ಕಸಿದಿದ್ದೇವೋ ಅಷ್ಟು ಋಣ ನಮ್ಮ ಮೇಲಿದೆ. ಹಾಗಾದರೆ ಬಿಚ್ಚಿಬಿಡಿ ಅನ್ನಬಹುದು. ಅಷ್ಟು ಸುಲಭವಿಲ್ಲ. ಅವನ ಮೊದಲಿನ ನಾಯಿ ಇಂಥದೇ ಕಬ್ಬಿನ ಹಂಗಾಮಿನಲ್ಲಿ, ನಸುಕಿನಲ್ಲಿ, ಕಬ್ಬು ಹೇರಿದ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಸತ್ತಿತ್ತು. ಅಪ್ಪ ಸರಪಳಿ ತಂದದ್ದು ಆ ದುಃಖದಲ್ಲಿ.

ಮನುಷ್ಯರೇ ಥಂಡಿಯಲ್ಲಿ ಮಲಗುವಾಗ ನಾಯಿಯದೇನು ಚಿಂತೆ ಅನ್ನುವವರೂ ಇದ್ದಾರೆ. ಚರಗ ಚೆಲ್ಲಿ ಸಜ್ಜಿ ರೊಟ್ಟಿ, ಭಜ್ಜಿ ಉಂಡು ಹೊಲದಿಂದ ಬರುವಾಗ ಕಬ್ಬು ಕಡಿಯಲು ಬಂದವರ ಗುಡಿಸಲು ಕಂಡವು. ಪ್ಲಾಸ್ಟಿಕ್ ತಾಡಪತ್ರಿ, ಒಳಗೆ ರವದಿಯ ಹಾಸಿಗೆ. ಒಂದರಲ್ಲಿ ಒಂದೇ ಕೌದಿಯ ಕೆಳಗೆ ಎರಡು ಮಕ್ಕಳು, ನಡುವೆ ನಾಯಿ. ಬಡತನವನ್ನು ನಾನು ಚಂದ ಮಾಡುತ್ತಿಲ್ಲ, ಆ ಮಕ್ಕಳಿಗೆ ಗೋಡೆ ಬೇಕು. ಆದರೆ ಅಲ್ಲಿ ನಾಯಿಯ ಬೆಚ್ಚಗು ಮಕ್ಕಳ ಪಾಲಿನಿಂದ ಕಡಿದು ಕೊಟ್ಟದ್ದಾಗಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿಯೇ ಇದೆ. ಪಡಸಾಲಿಯ ಗೋಡೆಗೆ ಗಾಣಗಾಪುರದಿಂದ ತಂದ ದತ್ತನ ಪಟ, ಅವನ ಕಾಲ ಬಳಿ ನಾಲ್ಕು ನಾಯಿ. ನಾಲ್ಕು ವೇದ ಅನ್ನುತ್ತಾರೆ. ಪ್ರತಿ ಗುರುವಾರ ಅವಕ್ಕೂ ಊದಿನಕಡ್ಡಿಯ ಹೊಗೆ ತಾಗುತ್ತದೆ.

ಮೊದಲ ರಾತ್ರಿ ನಾನು ಮಾಡಿದ್ದು ತಪ್ಪು. ಹಳೆಯ ಚಾದರ ಹೊದಿಸಿದೆ. ಬೆಳಗಾಗುವಷ್ಟರಲ್ಲಿ ಅದು ಇಬ್ಬನಿಗೆ ತೊಯ್ದು ಅವನಿಗಿಂತ ತಣ್ಣಗಿತ್ತು. ಮರುದಿನ ಹಳೆಯ ಹಲಗೆಗಳಿಂದ ಪೆಟ್ಟಿಗೆ ಮಾಡಿ, ಅಡಿಗೆ ಇಟ್ಟಿಗೆ ಕೊಟ್ಟು ನೆಲದಿಂದ ಮೇಲೆತ್ತಿ, ಬಾಯಿಯನ್ನು ಮೂಡಗಾಳಿಗೆ ಬೆನ್ನಾಗುವಂತೆ ತಿರುಗಿಸಿ, ಒಣ ರವದಿ ತುಂಬಿದೆ. ದೊಡ್ಡದು ಮಾಡಬೇಡ ಅಂದ ಮುತ್ಯಾ. ಅವನ ಮೈಶಾಖವೇ ಅವನಿಗೆ ಒಲಿ, ಜಾಗ ಹೆಚ್ಚಾದರೆ ಅದು ಸಾಲದು. ರಾತ್ರಿಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕು ಅಂತಲೂ ಅಂದ. ಮೈ ಕಾಯಿಸಲಿಕ್ಕೆ ಉರುವಲು ಬೇಕಲ್ಲ.

ಕಾಳ್ಯಾ ಮೂಸಿ ನೋಡಿ ಮತ್ತೆ ಫರಸಿಯ ಮೇಲೆಯೇ ಮಲಗಿದ. ಸಿಟ್ಟು ಬಂತು. ಏನೂ ಹೇಳದೆ ಅಪ್ಪ ಎದ್ದು ಗೇಟಿಗೆ ಕೀಲಿ ಹಾಕಿ, ಕೊರಳಿನ ಸರಪಳಿ ಬಿಚ್ಚಿದ. ಅಂಗಳವನ್ನೆಲ್ಲ ಎರಡು ಸುತ್ತು ಹಾಕಿ, ನೀರೊಲಿ ಇದ್ದ ಮೂಲೆಗೆ ಹೋಗಿ ಸ್ವಲ್ಪ ಹೊತ್ತು ನಿಂತ. ನಡುರಾತ್ರಿ ಟಾರ್ಚ್ ಹಿಡಿದು ನೋಡಿದಾಗ ರವದಿಯಲ್ಲಿ ಗುಂಡಿ ತೋಡಿಕೊಂಡಿದ್ದ.

ಕಲಬುರಗಿಗೆ ಬಂದು ವಾರವಾದ ಮೇಲೆ ಅವ್ವನಿಗೆ ಫೋನ್ ಮಾಡಿ, "ಥಂಡಿ ಭಾಳ ಅದ ಏನು?" ಅಂತ ಕೇಳಿದೆ.

"ರವದಿ ಬದಲಿ ಮಾಡೀನಿ" ಅಂದಳು.