ಇಂದಿನ ಧಮ್ಮ ಚಿಂತನೆ: ಮರಳಿ ಬರದ ಜೀವಕ್ಕೂ ಮೈತ್ರಿ



ಸವದತ್ತಿಯಲ್ಲಿ ಕೂತು ಕಡಲಾಮೆಯ ಮಾತು ಯಾಕೆ ಅನ್ನಬೇಡಿರಿ. ಹೋದ ಬೇಸಿಗೆಯ ಮೊದಲಿಗೆ ನಾನು ಹೊನ್ನಾವರ ಹತ್ತಿರದ ಕಾಸರಕೋಡು ಟೊಂಕದ ದಂಡೆಗೆ ಹೋಗಿದ್ದೆ. ಉಸುಕಿನಲ್ಲಿ ಅಲ್ಲಲ್ಲಿ ಜಾಳಿಗೆಯ ಬೇಲಿ ಕಟ್ಟಿದ್ದರು. ಒಳಗೆ ಏನೂ ಕಾಣಲಿಲ್ಲ. ಎಲ್ಲಾ ಉಸುಕಿನ ಕೆಳಗೆ ಇತ್ತು.

ಆಲಿವ್ ರಿಡ್ಲಿ ಆಮೆ ರಾತ್ರಿ ದಡಕ್ಕೆ ಬಂದು, ಕುಣಿ ತೋಡಿ, ಸುಮಾರು 100 ತತ್ತಿ ಇಟ್ಟು, ಮುಚ್ಚಿ, ಸಮುದ್ರಕ್ಕೆ ಹೋಗಿಬಿಡುತ್ತದೆ. ಮರಿ ನೋಡಲು ಮತ್ತೆ ಬರುವುದಿಲ್ಲ. 45ರಿಂದ 60 ದಿನ ಉಸುಕಿನ ಕಾವಿನಲ್ಲೇ ಮರಿ ಬೆಳೆಯಬೇಕು. ಅಷ್ಟು ದಿನ ನಾಯಿ, ನರಿಗಳಿಂದ ಕಾಯುವವರು ಅರಣ್ಯ ಇಲಾಖೆಯವರು ಮತ್ತು ಅಲ್ಲಿನ ಬಡ ಮೀನುಗಾರರು. ಹೊರಬಂದ ಮರಿ ಸಮುದ್ರದ ಬೆಳಕಿನ ಕಡೆ ಓಡುತ್ತದೆ. ದಡದಲ್ಲಿ ದೀಪ ಉರಿದರೆ ದಾರಿ ತಪ್ಪುತ್ತದೆ.

ಒಬ್ಬ ಹಿರಿಯ ಮೀನುಗಾರರನ್ನು ಕೇಳಿದೆ: "ಕೂರ್ಮಾವತಾರ ಅಂತ ಕಾಯ್ತೀರೇನ್ರಿ?"
ಅವರು ನಕ್ಕರು. "ಮೊದಲು ಈ ಮೊಟ್ಟೆ ನಾವೂ ತಿಂದವರೇ. ದೇವರಿಗೆ ನಮ್ಮ ಕಾವಲು ಯಾಕೆ ಬೇಕು? ಇದಕ್ಕೆ ಬೇಕು."

ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ನಾನು 22 ಪ್ರತಿಜ್ಞೆ ತೆಗೆದುಕೊಂಡವನು. ಅವತಾರಗಳನ್ನು ಬಿಟ್ಟೆ ಎಂದು ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಸಕಲ ಜೀವಿಗಳನ್ನು ಕಾಪಾಡುತ್ತೇನೆ ಎಂಬ ಪ್ರತಿಜ್ಞೆಯೂ ಅದರಲ್ಲೇ ಇದೆ. ಬಿಡುವುದನ್ನು ಕಲಿತೆ, ಕಾಯುವುದನ್ನು ಕಲಿಯಲಿಲ್ಲ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಿಳಿಸಿದ್ದು ಇದನ್ನೇ: ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಎಲ್ಲ ಜೀವಿಗಳ ಮೇಲಿನ ಪ್ರೀತಿ. ಮೈತ್ರಿಯಲ್ಲಿ ಪೂಜೆ ಇಲ್ಲ, ಹರಕೆ ಇಲ್ಲ, ಫಲದ ಲೆಕ್ಕವೂ ಇಲ್ಲ. ಸಮುದ್ರ ಸೇರಿದ ಮರಿಗಳಲ್ಲಿ ದೊಡ್ಡದಾಗಿ ಬದುಕುವವು ಬಹಳ ಕಡಿಮೆ. ಯಾವುದು ಬದುಕಿತು ಎಂದು ಕಾದವರಿಗೆ ಗೊತ್ತಾಗುವುದಿಲ್ಲ. ಆದರೂ ಮರುವರ್ಷ ಮತ್ತೆ ಕಾಯುತ್ತಾರೆ.

1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ನಮ್ಮವರಿಗೆ ಧಮ್ಮ ಕೊಟ್ಟರು. ಎರಡು ತಿಂಗಳು ತುಂಬುವುದರೊಳಗೆ, ಡಿಸೆಂಬರ್ 6ರಂದು ನಮ್ಮನ್ನು ಅಗಲಿದರು. ಇವತ್ತು ನಮ್ಮ ಮಕ್ಕಳು ತ್ರಿಸರಣ ಹೇಳುವುದನ್ನು ಅವರು ನೋಡಲಿಲ್ಲ. ನೋಡಲೆಂದು ಕೊಟ್ಟವರೂ ಅಲ್ಲ.

ಇಂದಿನ ಅಭ್ಯಾಸ: ನಮಗೆ ಕಡಲಿಲ್ಲ, ಮಲಪ್ರಭೆ ಇದೆ. ನವಿಲುತೀರ್ಥದ ಹಿನ್ನೀರಿನ ದಂಡೆಗೆ ಹೋದರೆ ಪ್ಲಾಸ್ಟಿಕ್ ಬಿಟ್ಟು ಬರಬೇಡಿರಿ. ಹೊಲ ಹರಗುವಾಗ ನೆಲದ ಮೇಲೆ ಹಕ್ಕಿಯ ತತ್ತಿ ಕಂಡರೆ ಅಷ್ಟು ಜಾಗ ಬಿಟ್ಟು ಹರಗಿರಿ. ಆ ಹಕ್ಕಿ ನಿಮಗೆ ಕೈ ಮುಗಿಯುವುದಿಲ್ಲ. ಮುಗಿಯಬೇಕಾಗಿಯೂ ಇಲ್ಲ.

ಸಾಧು, ಸಾಧು, ಸಾಧು.
ಜೈಭೀಮ್.