ಧವಳಶ್ರೇಷ್ಠಿ ಕತ್ತರಿಸಿದ ಹಗ್ಗ



ಅಷ್ಟಾಹ್ನಿಕ ಪರ್ವವು ವರ್ಷಕ್ಕೆ ಮೂರು ಸಲ ಬರುತ್ತದೆ. ಆಷಾಢ, ಕಾರ್ತಿಕ, ಫಾಲ್ಗುಣ ಮಾಸಗಳ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಎಂಟು ದಿನ ದೇವತೆಗಳು ನಂದೀಶ್ವರ ದ್ವೀಪದ 52 ಅಕೃತ್ರಿಮ ಜಿನಾಲಯಗಳಲ್ಲಿ ಪೂಜೆ ನಡೆಸುವರೆಂದು ಆಗಮವು ಹೇಳುತ್ತದೆ. ಅಲ್ಲಿಗೆ ಹೋಗುವ ಶಕ್ತಿಯಿಲ್ಲದ ಮನುಷ್ಯರು ತಮ್ಮೂರ ಬಸದಿಯಲ್ಲಿಯೇ ಸಿದ್ಧಚಕ್ರದ ಆರಾಧನೆ ಮಾಡುತ್ತಾರೆ. ಮೊದಲ ದಿನ 8 ಅರ್ಘ್ಯ, ಮರುದಿನ 16, ಮತ್ತೆ 32, ಹೀಗೆ ಇಮ್ಮಡಿಯಾಗುತ್ತ ಎಂಟನೆಯ ದಿನಕ್ಕೆ 1024, ಒಟ್ಟು 2040. ಈ ಲೆಕ್ಕದಲ್ಲಿ ಒಂದೂ ತಪ್ಪದಂತೆ ಕಾಯುವವರು ಬಹಳ ಜನರಿದ್ದಾರೆ. ಅದೇ ಎಂಟು ದಿನಗಳಲ್ಲಿ ಮನಸ್ಸಿನೊಳಗೆ ಇಮ್ಮಡಿಯಾಗುತ್ತ ಹೋಗುವ ಇನ್ನೊಂದು ವಸ್ತುವಿನ ಲೆಕ್ಕ ಇಡುವವರು ವಿರಳ. ಆ ವಸ್ತುವಿಗೆ ಶಾಸ್ತ್ರದಲ್ಲಿ ಮಾತ್ಸರ್ಯವೆಂದು ಹೆಸರು, ಮನೆಮಾತಿನಲ್ಲಿ ಹೊಟ್ಟೆಕಿಚ್ಚು. ಉಪವಾಸದಿಂದ ಹೊಟ್ಟೆ ಬರಿದಾಗುತ್ತದೆ. ಕಿಚ್ಚು ಅಷ್ಟರಿಂದಲೇ ಆರುವುದಿಲ್ಲ.

ಈಗಿನ ಮಕ್ಕಳು ದೂರದರ್ಶನದ ಮುಂದೆ ಕುಳಿತು ನೋಡುವ ಸಾಹಸದ ಕಾರ್ಟೂನುಗಳಲ್ಲಿ ಜಲಾಂತರ್ಗಾಮಿ ಹಡಗುಗಳು ಬರುವುದುಂಟು. ಸಮುದ್ರದ ತಳದಲ್ಲಿ ಹೋಗುತ್ತಿರುವ ಹಡಗಿನಲ್ಲಿ ನಾಯಕನು ಹೊಸಬನೊಬ್ಬನನ್ನು ಹೊಗಳುತ್ತಾನೆ. ಹಳಬನಿಗೆ ಅದು ಸಹಿಸದು. ಹೊಸಬನಿಗೆ ಕೆಟ್ಟ ಹೆಸರು ಬರಲೆಂದು ಅವನು ಮುಟ್ಟಬಾರದ ತಿರುಗಣೆಯನ್ನು ಮುಟ್ಟುತ್ತಾನೆ. ನೀರು ಒಳನುಗ್ಗುತ್ತದೆ. ನುಗ್ಗಿದ ನೀರು ಹೊಸಬ ಯಾರು, ಹಳಬ ಯಾರು ಎಂದು ಕೇಳುವುದಿಲ್ಲ. ಇಂಥದನ್ನು ಮಕ್ಕಳಾಟವೆಂದು ಹಿರಿಯರು ತಳ್ಳಿಹಾಕುತ್ತಾರೆ. ಅದರಲ್ಲಿ ಬಾಲಿಶವಾದದ್ದೇನೂ ಇಲ್ಲ.

ವಿಶಾಖಪಟ್ಟಣದ ಕಡಲತೀರದಲ್ಲಿ ಕುರ್ಸುರಾ ಎಂಬ ಜಲಾಂತರ್ಗಾಮಿಯನ್ನು ದಂಡೆಗೆ ತಂದು ನಿಲ್ಲಿಸಿದ್ದಾರೆ. 1969ರಲ್ಲಿ ಭಾರತದ ನೌಕಾಪಡೆಗೆ ಸೇರಿ 2001ರಲ್ಲಿ ನಿವೃತ್ತವಾದ ಆ ಹಡಗು 2002ರಿಂದ ಜನರು ಒಳಹೊಕ್ಕು ನೋಡುವ ವಸ್ತುಸಂಗ್ರಹಾಲಯವಾಗಿದೆ. ಇಂಥ ಹಡಗಿನ ಪಕ್ಕಗಳಲ್ಲಿ ದೊಡ್ಡ ತೊಟ್ಟಿಗಳಿರುತ್ತವೆ. ಮುಳುಗಬೇಕಾದಾಗ ಅವುಗಳಿಗೆ ಸಮುದ್ರದ ನೀರನ್ನು ಬಿಟ್ಟುಕೊಳ್ಳುತ್ತಾರೆ; ಏಳಬೇಕಾದಾಗ ಒತ್ತಿ ತುಂಬಿಟ್ಟ ಗಾಳಿಯಿಂದ ಆ ನೀರನ್ನು ಹೊರಗೆ ನೂಕುತ್ತಾರೆ. ನೀರಿನ ನಡುವೆ ಇರುವುದು ಅದಕ್ಕೆ ಅಪಾಯವಲ್ಲ, ಅದು ಇರುವುದೇ ಅಲ್ಲಿ. ಜನರಿರುವ ಕಡೆಗೆ ನೀರು ಬಂದರೆ ಮಾತ್ರ ಅಪಾಯ.

ಆಚಾರ್ಯರು ಆಸ್ರವ ತತ್ತ್ವವನ್ನು ತಿಳಿಸುವಾಗ ಕೊಡುವ ದೃಷ್ಟಾಂತವೂ ಇದೇ. ತೂತು ಬಿದ್ದ ನಾವೆಗೆ ನೀರು ಬರುವುದು ಆಸ್ರವ. ತೂತು ಮುಚ್ಚುವುದು ಸಂವರ. ಒಳಗಿನ ನೀರನ್ನು ಮೊಗೆದು ಚೆಲ್ಲುವುದು ನಿರ್ಜರೆ. ಚಿಂಚಲಿಯಿಂದ ರೈಲಿನಲ್ಲಿ ಮೀರಜದತ್ತ ಹೋಗುವವರು ಕುಡಚಿ ದಾಟಿ ಕೃಷ್ಣೆಯ ಸೇತುವೆಯ ಮೇಲೆ ಕ್ಷಣಮಾತ್ರದಲ್ಲಿ ಸಾಗಿಬಿಡುತ್ತಾರೆ. ನಾವೆಯೊಂದೇ ಗತಿಯಾಗಿದ್ದ ಕಾಲದ ಜನರಿಗೆ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಉಪವಾಸವು ನಿರ್ಜರೆಯ ಸಾಧನ. ತೂತನ್ನು ಹಾಗೆಯೇ ಬಿಟ್ಟು ಎಂಟು ದಿನ ನೀರು ಮೊಗೆದರೆ ಕೈ ಸೋಲುತ್ತದೆಯೇ ಹೊರತು ನಾವೆ ಹಗುರಾಗದು.

ಸಿದ್ಧಚಕ್ರ ವ್ರತದ ಕಥೆಯಾದ ಶ್ರೀಪಾಲಚರಿತೆಯ ನಡುವಿನಲ್ಲಿಯೇ ಒಂದು ಹಡಗು ಇದೆ ಎಂಬುದನ್ನು ಗಮನಿಸಬೇಕು. 16ನೆಯ ಶತಮಾನದ ಆದಿಭಾಗದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ಈ ಕಥೆಯನ್ನು ಕನ್ನಡ ಸಾಂಗತ್ಯದಲ್ಲಿ ರಚಿಸಿದ್ದಾನೆ. ಕಥೆಯ ಬೇರೆಬೇರೆ ಪಾಠಗಳಲ್ಲಿ ಕೆಲವು ಹೆಸರು, ಕೆಲವು ಪ್ರಸಂಗಗಳು ವ್ಯತ್ಯಾಸವಾಗುತ್ತವೆ. ಹಡಗಿನ ಪ್ರಸಂಗದ ತಿರುಳು ವ್ಯತ್ಯಾಸವಾಗುವುದಿಲ್ಲ. ಭೃಗುಕಚ್ಛದ ಧವಳಶ್ರೇಷ್ಠಿಯ ಹಡಗುಗಳು ದಡದಲ್ಲಿಯೇ ನಿಂತುಬಿಟ್ಟಿದ್ದವು. ಎಷ್ಟು ಜನ ನೂಕಿದರೂ ಕದಲಲಿಲ್ಲ. ಕುಷ್ಠದಿಂದ ಮುಕ್ತನಾಗಿ ದೇಶಾಂತರ ಹೊರಟಿದ್ದ ಶ್ರೀಪಾಲನು ಅಲ್ಲಿಗೆ ಬಂದು ಸಿದ್ಧಪರಮೇಷ್ಠಿಗಳನ್ನು ಸ್ಮರಿಸಿ ಕೈಹಚ್ಚಿದನು, ಹಡಗುಗಳು ನಡೆದವು. ಮುಂದೆ ಕಡಲುಗಳ್ಳರು ಶ್ರೇಷ್ಠಿಯನ್ನು ಕಟ್ಟಿಹಾಕಿದಾಗ ಬಿಡಿಸಿ ತಂದವನೂ ಶ್ರೀಪಾಲನೇ. ಶ್ರೇಷ್ಠಿಯು ಅವನನ್ನು ಧರ್ಮಪುತ್ರನೆಂದು ಕರೆದನು.

ಹಂಸದ್ವೀಪದಲ್ಲಿ ಯಾರಿಂದಲೂ ತೆರೆಯಲಾಗದ ಸಹಸ್ರಕೂಟ ಚೈತ್ಯಾಲಯದ ಬಾಗಿಲು ಶ್ರೀಪಾಲನ ಕೈ ಸೋಕಿದೊಡನೆ ತೆರೆಯಿತು. ಅಲ್ಲಿಯ ರಾಜನು ತನ್ನ ಮಗಳಾದ ರಯಣಮಂಜೂಷೆಯನ್ನು ಅವನಿಗೆ ಕೊಟ್ಟು ವಿವಾಹ ಮಾಡಿದನು. ನೂತನ ದಂಪತಿಗಳನ್ನು ಹೊತ್ತು ಹಡಗು ಮತ್ತೆ ಹೊರಟಾಗ ಶ್ರೇಷ್ಠಿಯ ಮನಸ್ಸು ಕೆಟ್ಟಿತು. ಪರಸ್ತ್ರೀಮೋಹದಿಂದ ಕೆಟ್ಟನೆಂದು ಕಥೆ ಹೇಳುವವರು ಸಾಮಾನ್ಯವಾಗಿ ಅಷ್ಟಕ್ಕೇ ಮುಂದೆ ಸಾಗುತ್ತಾರೆ. ಮೋಹವಿದ್ದದ್ದು ನಿಜ. ಆದರೆ ಬರಿಗೈಯಲ್ಲಿ ಬಂದ ತರುಣನೊಬ್ಬನು ದ್ವೀಪದಿಂದ ದ್ವೀಪಕ್ಕೆ ಹಿರಿದಾಗುತ್ತ ಹೋದದ್ದನ್ನು ಹಡಗಿನ ಒಡೆಯನು ಅದಕ್ಕೂ ಮೊದಲಿನಿಂದ ನೋಡುತ್ತ ಬಂದಿದ್ದನು. ಅಷ್ಟು ದಿನಗಳ ಉರಿ ಆ ಮೋಹಕ್ಕೆ ಒಣಸೌದೆಯಾಗಿ ಒದಗಿತು.

ಒಂದು ದಿನ ಹಡಗಿನವರಿಂದ ಸುಳ್ಳು ಕೂಗು ಹಾಕಿಸಿದನು. ಏನೆಂದು ನೋಡಲು ಶ್ರೀಪಾಲನು ಹಡಗಿನ ಕಂಬವನ್ನೇರಿದಾಗ ಹಗ್ಗವನ್ನು ಕತ್ತರಿಸಿದರು. ಶ್ರೀಪಾಲನು ಕಡಲಿಗೆ ಬಿದ್ದನು.

ಶ್ರೇಷ್ಠಿಯ ತಪ್ಪು ಎಷ್ಟು ದುಬಾರಿಯಾದದ್ದೆಂಬುದನ್ನು ಇಲ್ಲಿ ನಿಂತು ಯೋಚಿಸಬೇಕು. ಅವನು ವ್ಯಾಪಾರಿ, ಲಾಭನಷ್ಟ ಬಲ್ಲವನು. ನಿಂತ ಹಡಗನ್ನು ನಡೆಸಿದವನು ಯಾರು, ಕಳ್ಳರಿಂದ ಸರಕನ್ನೂ ಪ್ರಾಣವನ್ನೂ ಉಳಿಸಿದವನು ಯಾರು ಎಂದು ಅವನಿಗೆ ಗೊತ್ತಿತ್ತು. ನಡುಗಡಲಿನಲ್ಲಿ ಹಡಗು ಮತ್ತೆ ನಿಂತರೆ, ಕಳ್ಳರು ಮತ್ತೆ ಬಂದರೆ ಗತಿಯೇನೆಂದು ಸಾಮಾನ್ಯ ಕೂಲಿಯವನಿಗೂ ಹೊಳೆಯಬೇಕಾದ ಮಾತು ಅವನಿಗೆ ಹೊಳೆಯಲಿಲ್ಲ. ಲೋಭಿಗೆ ತನ್ನ ಹಿತವಾದರೂ ಕಾಣುತ್ತದೆ. ಮತ್ಸರಿಗೆ ಅದೂ ಕಾಣದು. ಪಂಚಣಮೋಕಾರವನ್ನು ಜಪಿಸುತ್ತ ತೇಲಿ ದಡ ಸೇರಿದ ಶ್ರೀಪಾಲನನ್ನು ಶ್ರೇಷ್ಠಿಯು ಮುಂದೆ ರಾಜಸಭೆಯೊಂದರಲ್ಲಿ ಕಂಡು, ಭಂಡರಿಗೆ ಹಣ ಕೊಟ್ಟು ‘ಇವನು ನಮ್ಮವನೇ’ ಎಂದು ಅವರಿಂದ ಹೇಳಿಸಿದನು. ರಯಣಮಂಜೂಷೆಯಿಂದ ನಿಜ ಹೊರಬಿತ್ತು. ವಧೆಯ ಆಜ್ಞೆಯಾದಾಗ ಶ್ರೀಪಾಲನೇ ಬೇಡಿಕೊಂಡು ಅವನನ್ನು ಬಿಡಿಸಿದನು. ಆ ಕ್ಷಮೆಯನ್ನು ತಾಳಲಾರದೆ ಶ್ರೇಷ್ಠಿಯು ಎದೆಯೊಡೆದು ಸತ್ತನೆಂದು ದಿಗಂಬರ ಪರಂಪರೆಯ ಕಥೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಮಾತ್ಸರ್ಯವನ್ನು ಎರಡು ಕಡೆ ಹೆಸರಿಸಿದ್ದಾರೆ. ಆರನೆಯ ಅಧ್ಯಾಯದಲ್ಲಿ ಅದು ಜ್ಞಾನಾವರಣ, ದರ್ಶನಾವರಣ ಕರ್ಮಗಳ ಆಸ್ರವಕ್ಕೆ ಕಾರಣ. ಏಳನೆಯ ಅಧ್ಯಾಯದಲ್ಲಿ ಅತಿಥಿಸಂವಿಭಾಗ ವ್ರತದ ಅತಿಚಾರ. ಕೊಡಲು ಯೋಗ್ಯವಾದ ವಿದ್ಯೆಯನ್ನು ಕೊಡದೆ ಬಚ್ಚಿಡುವುದು ಮೊದಲನೆಯದು. ನೋಂಪಿಯ ವಿಧಿಯನ್ನು ಬಲ್ಲ ಹಿರಿಯ ಶ್ರಾವಿಕೆಯು ನೆರೆಮನೆಯ ಸೊಸೆ ಬಂದು ಕೇಳಿದಾಗ ಅರ್ಧ ಹೇಳಿ ಅರ್ಧ ಉಳಿಸಿಕೊಂಡರೆ, ಆವರಣ ಬೀಳುವುದು ಕೇಳಿದವಳ ಜ್ಞಾನಕ್ಕಲ್ಲ. ಎರಡನೆಯದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸುವ ಬಗೆ ಮನೆಮನೆಗೂ ಮುಟ್ಟುವಂಥದು: ಕೊಡುತ್ತಿದ್ದರೂ ಆದರವಿಲ್ಲದಿರುವುದು, ಇಲ್ಲವೆ ಇನ್ನೊಬ್ಬ ದಾನಿಯ ಗುಣವನ್ನು ಸಹಿಸದಿರುವುದು.

ಮುನಿಗಳು ಆಹಾರಕ್ಕೆ ಹೊರಟ ಬೆಳಿಗ್ಗೆ ಓಣಿಯಲ್ಲಿ ಹತ್ತು ಮನೆಗಳವರು ಶುದ್ಧವಸ್ತ್ರ ಉಟ್ಟು, ಕಲಶ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಮುನಿಗಳು ತಮ್ಮ ಸಂಕಲ್ಪ ಕೂಡಿಬಂದ ಒಂದು ಮನೆಗೆ ಹೋಗುತ್ತಾರೆ. ಉಳಿದ ಒಂಬತ್ತು ಬಾಗಿಲುಗಳಲ್ಲಿ ಆ ಗಳಿಗೆಯಲ್ಲಿ ಏನು ನಡೆಯುತ್ತದೆ ಎಂಬುದು ಆಯಾ ಮನೆಯವರಿಗೇ ಗೊತ್ತು. ‘ಅವರಿಗಾದರೂ ಪುಣ್ಯ ದೊರೆಯಿತು’ ಎಂದು ಹಿಗ್ಗಿದವರಿಗೆ ಅನುಮೋದನೆಯ ಫಲವುಂಟು. ‘ಹೋದ ವಾರವೂ ಅವರ ಮನೆಗೇ’ ಎಂದು ಎಣಿಸಿದವರು ನಸುಕಿನಿಂದ ಮಾಡಿದ ಶುದ್ಧ ಅಡುಗೆಯ ಪುಣ್ಯವನ್ನು ಅಲ್ಲಿಯೇ ಚೆಲ್ಲಿಕೊಂಡರು. ಬಸದಿಯಲ್ಲಿ ಅಭಿಷೇಕದ ಸವಾಲು ಏರುವಾಗಲೂ ಹೀಗೆಯೇ. ಮೊದಲಿನ ಎರಡು ಕೂಗು ಭಕ್ತಿಯಿಂದ ಬರುತ್ತವೆ. ಆಮೇಲಿನವು ಎಲ್ಲಿಂದ ಬರುತ್ತವೆ ಎಂದು ಕೂಗಿದವರು ಮನೆಗೆ ಹೋಗಿ ಸಾಮಾಯಿಕಕ್ಕೆ ಕುಳಿತಾಗ ಕೇಳಿಕೊಳ್ಳಲಿ. ಒಬ್ಬಳದು ಎಂಟು ಉಪವಾಸ, ಇನ್ನೊಬ್ಬಳದು ಬರಿಯ ಏಕಾಶನ ಎಂದು ತೂಗುವ ನಾಲಿಗೆ ಅನ್ನವನ್ನು ಬಿಟ್ಟಿರಬಹುದು, ರುಚಿಯನ್ನು ಬಿಟ್ಟಿಲ್ಲ.

ನೀರಿಗೆ ನೂಕಿದವನ ಮಾತು ಬಂದಲ್ಲಿ ನೀರಿನಲ್ಲಿ ಹೊತ್ತವರ ನೆನಪೂ ಈ ಸೀಮೆಗೆ ಸಹಜ. ದೂಧಗಂಗಾ ವೇದಗಂಗಾ ನದಿಗಳು ಕೂಡುವ ಭೋಜ ಗ್ರಾಮದಲ್ಲಿ ಆಚಾರ್ಯ ಶಾಂತಿಸಾಗರರು ಇನ್ನೂ ಸಾತಗೌಡರಾಗಿದ್ದ ಕಾಲದಲ್ಲಿ ಮುನಿ ಆದಿಸಾಗರರನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದರೆಂದು ಅವರ ಚರಿತ್ರೆಯು ಹೇಳುತ್ತದೆ.

ಶ್ರೀಪಾಲನು ಶ್ರೇಷ್ಠಿಯನ್ನು ಏಕೆ ದ್ವೇಷಿಸಲಿಲ್ಲ ಎಂಬುದಕ್ಕೆ ಕಥೆಯ ಕೊನೆಯಲ್ಲಿ ಉತ್ತರವಿದೆ. ಹಿಂದಿನ ಭವದಲ್ಲಿ ಅವನು ರಾಜನಾಗಿದ್ದಾಗ ಮುನಿಯೊಬ್ಬರನ್ನು ಕುಷ್ಠಿಯೆಂದು ಜರೆದಿದ್ದನು, ನೀರಿಗೆ ನೂಕಿಸಿ ಮತ್ತೆ ಎತ್ತಿಸಿದ್ದನು, ಹೀನಕುಲದವನೆಂದು ಹಳಿದಿದ್ದನು. ಕುಷ್ಠವೂ ಕಡಲೂ ಭಂಡರ ಅಪವಾದವೂ ಅಲ್ಲಿಂದಲೇ ಬಂದವು. ಇದರಿಂದ ಹಗ್ಗ ಕತ್ತರಿಸಿದವನ ಪಾಪ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಬಿದ್ದವನ ಪಾಲಿಗೆ ಮಾತ್ರ ಹಗೆಯೆಂಬುವನು ಇಲ್ಲವಾದನು.

ಕಡಲಿನ ಈ ಪ್ರಸಂಗಕ್ಕೆ ಎಷ್ಟೋ ಮೊದಲು, ಉಜ್ಜಯಿನಿಯಲ್ಲಿ ಮೈನಾಸುಂದರಿಯು ತಂದೆಯ ಕೋಪದಿಂದ ಕುಷ್ಠಿಯ ಕೈಹಿಡಿದು ಅಷ್ಟಾಹ್ನಿಕದ ಎಂಟು ದಿನ ಸಿದ್ಧಚಕ್ರವನ್ನು ಪೂಜಿಸಿದಳು. ವ್ರತ ಅವಳದು, ಉಪವಾಸ ಅವಳದು, ಕಷ್ಟವೂ ಅವಳದೇ. ಅವಳು ಗಂಧೋದಕದ ಪಾತ್ರೆಯನ್ನು ಹಿಡಿದು ಹೊರಗೆ ಬಂದಾಗ ಗಂಡನ ಜೊತೆಯಲ್ಲಿ ಅದೇ ರೋಗದಿಂದ ನರಳುತ್ತಿದ್ದ 700 ಜನ ಕಾದಿದ್ದರು. ಅವಳು ಗಂಡನಿಗೆ ಚಿಮುಕಿಸಿದಳು. ಆ 700 ಜನರಿಗೂ ಚಿಮುಕಿಸಿದಳು.