ದುಃಖಕಾಲದಲ್ಲಿ ಹಾಡುವದು ತಕ್ಕದ್ದೋ?

ನೆರೆಮನೆಯಲ್ಲಿ ಅಳುವಿರುವಾಗ ನಾವು ಹಾಡಬಹುದೋ ಎಂಬ ಪ್ರಶ್ನೆಯು ನಮ್ಮ ಸಭೆಗಳಲ್ಲಿ ಆಗಾಗ್ಗೆ ಹುಟ್ಟುವದುಂಟು. ಸ್ತುತಿಗೆ ಕಾಲಾಕಾಲವಿಲ್ಲವೆಂದು ಕೆಲವರು ಹೇಳುತ್ತಾರೆ. ಶೋಕವಿರುವಲ್ಲಿ ಹಾಡುವದು ಕಲ್ಲೆದೆಯ ಗುರುತೆಂದು ಬೇರೆ ಕೆಲವರು ಹೇಳುತ್ತಾರೆ. ಇದನ್ನು ವಿಚಾರಿಸುವದಕ್ಕೆ 1939ರಿಂದ 1945ರ ವರೆಗೆ ನಡೆದ ಮಹಾಯುದ್ಧದ ಕಾಲವನ್ನೂ ಕೋಲಾರ ಚಿನ್ನದ ಗಣಿ, ಬಂಗಾರಪೇಟೆಗಳ ಸೀಮೆಯನ್ನೂ ನೆನಪಿಗೆ ತಂದುಕೊಳ್ಳೋಣ.

ಆಗ ಈ ಸೀಮೆಯಲ್ಲಿ ಎರಡು ವಿಧವಾದ ಹಾಡುಗಳಿದ್ದವು. ಒಂದು, ಹಳ್ಳಿಯ ಬಾಯಿಹಾಡು. ರಾಗಿ ಬೀಸುವಾಗ ಒಂದು ಪದ, ಪೈರು ನಾಟಿಮಾಡುವಾಗ ಒಂದು ಪದ, ಮದುವೆಗೆ ಸೋಬಾನೆ, ಬೆಳುದಿಂಗಳಿಗೆ ಕೋಲಾಟ. ಕನ್ನಡ, ತೆಲುಗು, ತಮಿಳು ಮೂರೂ ಕೂಡುವ ಈ ಗಡಿಯಲ್ಲಿ ಹಾಡೂ ಮೂರು ಭಾಷೆಗಳದ್ದಾಗಿತ್ತು. ಮತ್ತೊಂದು, ಯಂತ್ರದ ಹಾಡು. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿಯೇ ಗಣಿಗಳಿಗೆ ಮುಟ್ಟಿತ್ತು. 1934ರಲ್ಲಿ ಕನ್ನಡದ ಮಾತನಾಡುವ ಚಿತ್ರವು ಬಂತು. 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಆರಂಭಿಸಿದರು. ಗ್ರಾಮಫೋನ್ ತಟ್ಟೆಯು ಅದಕ್ಕೂ ಮೊದಲೇ ಬಂದಿತ್ತು.

ಯುದ್ಧವಾದರೋ ದಿನೇ ದಿನೇ ಸಮೀಪಿಸಿತು. 1942ರ ಮಾರ್ಚಿಯಲ್ಲಿ ರಂಗೂನು ಪಟ್ಟಣವು ಜಪಾನಿನವರ ಕೈವಶವಾಯಿತು. ಬರ್ಮಾ ದೇಶಕ್ಕೆ ಕೂಲಿಗಾಗಿಯೂ ವ್ಯಾಪಾರಕ್ಕಾಗಿಯೂ ಹೋಗಿದ್ದ ಲಕ್ಷಾಂತರ ಜನರು ಕಾಡುದಾರಿಯಲ್ಲಿ ನಡೆದು ಹಿಂದಿರುಗಿದರು. ದಾರಿಯಲ್ಲಿ ಸತ್ತವರು ಅನೇಕರು. ಅದೇ ವರುಷದ ಏಪ್ರಿಲ್ 6ರಲ್ಲಿ ವಿಶಾಖಪಟ್ಟಣದ ಮೇಲೆಯೂ ಕಾಕಿನಾಡದ ಮೇಲೆಯೂ ಬಾಂಬು ಬಿದ್ದವು. 1943ರಲ್ಲಿ ಬಂಗಾಳದಲ್ಲಿ ಘೋರವಾದ ಕ್ಷಾಮವುಂಟಾಯಿತು. ಗಣಿಯವರಿಗಾದರೋ ಯುದ್ಧವಿಲ್ಲದಿದ್ದರೂ ಭಯವು ತಪ್ಪಿದ್ದಲ್ಲ. ಪಾತಾಳದಂಥ ಆಳದಲ್ಲಿ ಬಂಡೆ ಸಿಡಿದರೆ ಇಳಿದವನು ಏರಿಬರುವನೆಂಬ ನಿಶ್ಚಯವಿರಲಿಲ್ಲ. ಹೀಗಿರಲಾಗಿ, ಆ ದಿನಗಳಲ್ಲಿ ಹಾಡಿದವರು ತಪ್ಪುಮಾಡಿದರೋ?

ದೇವರ ವಾಕ್ಯವನ್ನು ಶೋಧಿಸುವವರಿಗೆ ಇಲ್ಲಿ ಮೊದಲು ಕಳವಳವಾದೀತು. ಪೌಲನೂ ಸೀಲನೂ ಪೆಟ್ಟು ತಿಂದು ಫಿಲಿಪ್ಪಿಯ ಸೆರೆಮನೆಯಲ್ಲಿದ್ದಾಗ ಮಧ್ಯರಾತ್ರಿಯಲ್ಲಿ ಹಾಡಿದರು. ಬಾಬೆಲಿಗೆ ಸೆರೆಹೋದವರಾದರೋ ಕಿನ್ನರಿಗಳನ್ನು ಮರಕ್ಕೆ ತೂಗಹಾಕಿ, ಹಾಡಲೊಲ್ಲದೆ ಹೋದರು. ಮನನೊಂದವನ ಮುಂದೆ ಹಾಡುವದು ಚಳಿಯಲ್ಲಿ ಅವನ ಹೊದಿಕೆಯನ್ನು ಕಿತ್ತುಕೊಂಡ ಹಾಗೆಯೇ ಎಂಬ ಭಾವವು ಜ್ಞಾನೋಕ್ತಿಗಳಲ್ಲಿಯೂ ಉಂಟು. ಇವು ಒಂದಕ್ಕೊಂದು ವಿರೋಧವೋ? ಅಲ್ಲ. ಪ್ರವಾದಿಯಾದ ಆಮೋಸನು ಇವುಗಳ ಗಂಟನ್ನು ಬಿಡಿಸುತ್ತಾನೆ. ಮಂಚದ ಮೇಲೆ ಒರಗಿ ವೀಣೆಯೊಡನೆ ಹಾಡುವವರನ್ನು ಅವನು ಗದರಿಸಿದ್ದು, ಸ್ವಜನರ ನಾಶನಕ್ಕೆ ಅವರು ಮರುಗಲಿಲ್ಲವೆಂಬ ಕಾರಣದಿಂದ. ಸೆರೆಮನೆಯಲ್ಲಿ ಹಾಡಿದವರಾದರೋ ಉಳಿದ ಸೆರೆಯವರ ಸಂಕಟದಲ್ಲಿ ತಾವೂ ಪಾಲುಗಾರರಾಗಿದ್ದರು. ಸೆರೆಯ ಯಜಮಾನನು ಪ್ರಾಣ ಕಳಕೊಳ್ಳಬೇಕೆಂದಾಗ ಪೌಲನ ಕೂಗೇ ಅವನನ್ನು ತಡೆಯಿತು. ಹಾಡುತ್ತಿದ್ದರೂ ಅವರ ಕಿವಿ ಮುಚ್ಚಿರಲಿಲ್ಲ.

ಆದಕಾರಣ ನಾವು ಹೇಳುವದೇನಂದರೆ, ಹಾಡುವವನಿಗೆ ನೆರೆಯವನ ಅಳು ಕೇಳಿಸುತ್ತದೋ ಎಂಬದೇ ಪರೀಕ್ಷೆ. ರಾಗಿ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ತವರಿನ ಅಗಲಿಕೆಯನ್ನೂ ಅಣ್ಣತಮ್ಮಂದಿರ ನೆನಪನ್ನೂ ಹಾಡುತ್ತಿದ್ದಳು. ಅದು ದುಃಖವನ್ನು ಮರೆಸುವ ಹಾಡಲ್ಲ, ಹೊರುವ ಹಾಡು. ಎದುರಿಗೆ ಕೂತವಳು ಬಿಕ್ಕಿದರೆ ಹಾಡುವವಳ ಧ್ವನಿಯು ತಾನಾಗಿ ತಗ್ಗುತ್ತಿತ್ತು. ಗ್ರಾಮಫೋನಿಗಾದರೋ ಬಾಯುಂಟು, ಕಿವಿಯಿಲ್ಲ. ಅದು ಮದುವೆಯ ಮನೆಯಲ್ಲಿಯೂ ಸಾವಿನ ಮನೆಯ ಪಕ್ಕದಲ್ಲಿಯೂ ಒಂದೇ ಸಮನಾಗಿ ಕೂಗುತ್ತದೆ. ಆ ತಟ್ಟೆಯನ್ನು ಅರಗಿನಿಂದ ಮಾಡುತ್ತಿದ್ದರು. 1942ರಲ್ಲಿ ಅಮೇರಿಕದವರು ಯುದ್ಧಕಾರ್ಯಕ್ಕಾಗಿ ಅರಗನ್ನು ಮೀಸಲಿಟ್ಟು, ತಟ್ಟೆಗಳಿಗೆ ಕೊಡುವದನ್ನು ಬಹಳ ಕಡಿಮೆಮಾಡಿದರು. ಯಂತ್ರದ ಹಾಡಿಗೆ ಸರಕಾರವು ಅಳತೆಯಿಡಬಹುದು. ಬಾಯಿಹಾಡಿಗೆ ಪ್ರೀತಿಯೇ ಅಳತೆಯಿಡಬೇಕು. ಯಂತ್ರವು ಪಾಪವೆಂದು ನಾವು ಹೇಳುವದಿಲ್ಲ. ಅದಕ್ಕಿಲ್ಲದ ಕಿವಿಯು ಅದರ ಯಜಮಾನನಿಗೆ ಉಂಟೆಂದು ಮಾತ್ರ ನೆನಪು ಕೊಡುತ್ತೇವೆ.

ನಾಡಹಾಡಿನ ಧಾಟಿಯೇ ಕ್ರೈಸ್ತರಿಗೆ ತಕ್ಕದ್ದಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ, ತಂಜಾವೂರಿನ ವೇದನಾಯಕ ಶಾಸ್ತ್ರಿಗಳ ಕಡೆಗೆ ನೋಡಲಿ. 1774ರಿಂದ 1864ರ ವರೆಗೆ ಬಾಳಿದ ಆ ಭಕ್ತರು, ಕಣಿ ಹೇಳುವ ಕೊರವಂಜಿಯ ಜನಪ್ರಿಯ ಆಟವನ್ನೇ ತೆಗೆದುಕೊಂಡು ಬೆತ್ಲೆಹೇಮಿನ ಶುಭವರ್ತಮಾನವನ್ನು ತಮಿಳಿನಲ್ಲಿ ಹಾಡಿದರು. ಧಾಟಿಯು ಮಣ್ಣಿನ ಮಡಕೆ. ಅದರಲ್ಲಿ ನೀರು ತುಂಬಿದರೆ ನೀರು, ಕಳ್ಳು ತುಂಬಿದರೆ ಕಳ್ಳು.

ಯುದ್ಧವು ಮುಗಿಯಿತು. 2001ರ ಫೆಬ್ರವರಿ 28ರಲ್ಲಿ ಗಣಿಗಳೂ ಮುಚ್ಚಿದವು. ಕೂಲಿಗಾಗಿ ಅನೇಕರು ರೈಲುಗಾಡಿಯಲ್ಲಿ ಬೆಂಗಳೂರಿಗೆ ಹೋಗಿಬರಬೇಕಾಯಿತು. ಗ್ರಾಮಫೋನಿನ ಸ್ಥಳದಲ್ಲಿ ಧ್ವನಿವರ್ಧಕವು ನಿಂತಿದೆ. ಅದರ ಬಾಯಿ ಇನ್ನೂ ದೊಡ್ಡದು. ನಮ್ಮ ಮನೆಯಲ್ಲಿ ವಿವಾಹವಿದ್ದು, ಅದೇ ಬೀದಿಯಲ್ಲಿ ಸಾವಾದರೆ ಏನು ಮಾಡೋಣ? ಸತ್ತವರು ನಮ್ಮ ಸಭೆಯವರಲ್ಲ ಎಂಬ ನೆವವನ್ನು ಹೇಳದೆ ಇರೋಣ. ಹಿರಿಯರು ಮೊದಲು ಆ ಮನೆಗೆ ಹೋಗಿ ಕೂತುಕೊಳ್ಳಲಿ. ನೀರು ಹೊರಲಿಕ್ಕೂ ಗುಂಡಿ ತೋಡಲಿಕ್ಕೂ ನಮ್ಮ ಯೌವನಸ್ಥರು ಕೈಕೊಡಲಿ. ಆಮೇಲೆ ಬಾಗಿಲು ಮುಚ್ಚಿಕೊಂಡು, ಮೆಲ್ಲಗೆ, ಬಾಯಿಂದಲೇ ಹಾಡೋಣ. ಅಂಥ ಹಾಡು ದುಃಖಿತನ ಹೊದಿಕೆಯನ್ನು ಕಿತ್ತುಕೊಳ್ಳುವದಿಲ್ಲ. ಅಳುವವರ ಸಂಗಡ ಅತ್ತವರ ಸ್ತುತಿಯನ್ನು ಕರ್ತನು ಕೇಳದೆ ಇರುವನೋ?